ಆಳದ ಬದಿಯಲ್ಲಿ

ಬ್ಲೀಚಿಂಗ್ ಪುಡಿಯ ವಾಸನೆ, ಮೂಗಿನೊಳಗೆ ಚುರುಕ್ಕೆನ್ನುತ್ತದೆ, ಹಡಗಲಿಯಲ್ಲಿ ನಮ್ಮ ಓಣಿಯ ನೀರಿನ ಟ್ಯಾಂಕಿಗೆ ಸುರಿಯುತ್ತಿದ್ದರಲ್ಲ, ಅದೇ ವಾಸನೆ, ಆದರೆ ಇಲ್ಲಿ ನೀರು ನೀಲಿ, ಇಷ್ಟು ನೀಲಿ ನೀರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ — ಸಾಲಿನಲ್ಲಿ ಮುಂದಿದ್ದ ಹುಡುಗಿಯ ಒದ್ದೆ ಹೆಜ್ಜೆ ಕಲ್ಲಿನ ಮೇಲೆ ಮೂಡಿ ನೋಡನೋಡುತ್ತಲೇ ಆರುತ್ತಿದೆ, ಆಚೆ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ನಿಂತುಬಿಟ್ಟಿದೆ, ಗಾಳಿಯೇ ಇಲ್ಲ, ಉಸಿರಾಡು ಗಂಗಾಂಬಿಕಾ, ಉಸಿರಾಡು, ತಲೆ ಮಾತ್ರ ಅಲ್ಲಾಡಿಸಬೇಡ. ಈಜುಟೋಪಿಯೊಳಗೆ, ಬಿಗಿಯಾಗಿ ಸುತ್ತಿದ ತುರುಬಿನ ನಡುವೆ, ಬಿಳಿ ಬಟ್ಟೆಯ ಗಂಟಿನಲ್ಲಿ ನನ್ನ ಇಷ್ಟಲಿಂಗ ನೆತ್ತಿಗೆ ಒತ್ತುತ್ತಿದೆ, ಒತ್ತಲಿ, ಒತ್ತುತ್ತಿರುವವರೆಗೆ ಅದು ಅಲ್ಲೇ ಇದೆ ಎಂದರ್ಥ. ಅದನ್ನಿಡುವ ಬೆಳ್ಳಿಯ ಕರಡಿಗೆ ಲಾಕರಿನಲ್ಲಿ ಖಾಲಿ ಬಿದ್ದಿದೆ, ಶಿವದಾರವೂ ಅಲ್ಲೇ, ಎಂಟನೇ ವಯಸ್ಸಿನಿಂದ ಕೊರಳಲ್ಲಿದ್ದ ದಾರ, ಈಗ ಎದೆ ಬೋಳು, ಕೈ ತಾನಾಗಿಯೇ ಅಲ್ಲಿಗೆ ಹೋಗಿ ಏನೂ ಸಿಗದೆ ವಾಪಸ್ ಬರುತ್ತದೆ. ಲಿಂಗ ಕಟ್ಟಿದ ದಿನ ಮಠದ ಅಯ್ಯನವರು ನನ್ನ ಎಡ ಅಂಗೈಯಲ್ಲಿ ಅದನ್ನಿಟ್ಟು, ನೋಡವ್ವ, ಇದು ನಿನ್ನ ಉಸುರು, ಮೈಯಿಂದ ಬ್ಯಾರೆ ಮಾಡಬ್ಯಾಡ ಅಂದರು, ನಾನು ಉಸಿರು ಹಿಡಿದುಕೊಂಡೇ ಅಂಗೈ ನೋಡಿದ್ದೆ, ಕಪ್ಪಗೆ, ನುಣ್ಣಗೆ, ಅಷ್ಟು ಚಿಕ್ಕದು ನನ್ನ ಉಸಿರು ಹೇಗಾದೀತು ಎಂದು. ಈಗ ಗೊತ್ತಾಗುತ್ತಿದೆ. ನೆತ್ತಿಯ ಮೇಲಿಟ್ಟುಕೊಂಡರೆ ತಪ್ಪಲ್ಲ, ಅಜ್ಜಿಯೇ ಹೇಳಿದ್ದಳು, ಕೊರಳಾಗ ಇರ್ಬೋದು, ರಟ್ಟಿಗೆ ಕಟ್ಕಬೋದು, ನೆತ್ತಿ ಮ್ಯಾಲೆ ಇಟ್ಕಬೋದು, ಹೊಕ್ಕಳದ ಕೆಳಗ ಮಾತ್ರ ಇಳೀಬಾರದು. ಈಜುಕೊಳಕ್ಕೆ ಇಳಿಯುವ ಮೊಮ್ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವಳೇನೂ ಹೇಳಿರಲಿಲ್ಲ.

ಕೊರಳಾಗ ಏನೂ ಇರಬಾರದ್ರಿ, ದಾರ, ಸರ, ತಾಯತ, ಎಲ್ಲಾ ಲಾಕರಿನಾಗ, ಅಂತ ಈಜು ಪರೀಕ್ಷೆ ತೆಗೆದುಕೊಳ್ಳುವ ದುರುಗೇಶ್ ಸರ್ ಸೀಟಿ ಬೆರಳಿಗೆ ಸುತ್ತುತ್ತ ಹೇಳುತ್ತಾರೆ, ಯಾರದೋ ತಾಯತದ ದಾರ ಏಣಿಗೆ ಸಿಕ್ಕಿ ಅವಳ ಕೊರಳು ಕೊಯ್ದಿತ್ತಂತೆ, ಅದು ನಿಜವೇ ಇರಬೇಕು, ಅವರು ಕೆಟ್ಟವರಲ್ಲ, ಕೇಳಿದ್ದರೆ ನನಗೆ ಬೇರೆ ದಾರಿ ತೋರಿಸುತ್ತಿದ್ದರೇನೋ, ಆದರೆ ಕೇಳುವುದು ಹೇಗೆ, ಇಷ್ಟು ಜನರ ನಡುವೆ ಕೈಯೆತ್ತಿ, ಸರ್, ನನ್ನ ಕೊರಳಲ್ಲಿ ಲಿಂಗ ಇದೆ ಎಂದರೆ ನಮ್ಮ ಕ್ಲಾಸಿನ ಗೀತಾಂಜಲಿಯ ಗುಂಪು ಆ ಕಡೆಯಿಂದ ಒಮ್ಮೆ ತಿರುಗಿ ನೋಡುತ್ತದೆ, ಅಷ್ಟೇ, ನಗುವುದೂ ಇಲ್ಲ, ಆ ನೋಟವೇ ಸಾಕು. ಕೊಟ್ಟೂರು ಕೂಡ್ಲಿಗಿ ರಸ್ತೆಯಲ್ಲಿ, ಜಾಲಿ ಬಿಟ್ಟರೆ ಏನೂ ಬೆಳೆಯದ ಗುಡ್ಡದ ಬುಡದಲ್ಲಿ ಇಂಥದೊಂದು ವಿಶ್ವವಿದ್ಯಾಲಯ ಎದ್ದಾಗ ಅಪ್ಪ ಬಣ್ಣದ ಪುಸ್ತಿಕೆ ತಂದು ಹೂವಿನ ಬುಟ್ಟಿಗಳ ನಡುವೆ ಹರಡಿದ್ದ, ನೋಡಬೇ ಗಂಗವ್ವ, ಈಜೋ ಕೊಳ ಐತಿ, ಹತ್ತೋ ಗ್ವಾಡಿ ಐತಿ, ಗಾಜಿನ ಗ್ರಂಥಾಲಯ ಐತಿ, ಎಲ್ಲಾ ಐತಿ. ಎಲ್ಲವೂ ಇದೆ ಅಪ್ಪ. ಮೂರು ನಮೂನೆಯ ಕಾಫಿ ಇದೆ, ಕುಡಿಯುವವರೆಲ್ಲ ಲ್ಯಾಪ್‌ಟಾಪಿಗೆ ಕುತ್ತಿಗೆ ಬಗ್ಗಿಸಿರುತ್ತಾರೆ, ಗ್ರಂಥಾಲಯದಲ್ಲಿ ನಿದ್ದೆ ಮಾಡಲು ಮೆತ್ತನೆಯ ಗೂಡುಗಳಿವೆ, ಅಲ್ಲಿ ಮಲಗಿದವರಿಗೆ ಹಿಂದೆ ಬಿದ್ದವರೆಂಬ ಹೆಸರು, ಮನಸ್ಸಿನ ಮಾತಾಡಲು ಸೋಫಾ ಹಾಕಿದ ಕೋಣೆ ಇದೆ, ಅದರ ಬಾಗಿಲು ತೆರೆದವರನ್ನು ನಾನು ಕಂಡಿಲ್ಲ, ಹತ್ತುವ ಗೋಡೆಗೆ ಒಂದು ಹಲ್ಲಿ ಹತ್ತಿದ್ದು ಮಾತ್ರ ನೋಡಿದ್ದೇನೆ. ಇಲ್ಲಿ ಅಂಕಗಳನ್ನು ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿ ಕೊಡುತ್ತಾರೆ, ಪಕ್ಕದವಳು ಮೇಲೆ ಹೋದರೆ ನಾನು ಕೆಳಗೆ, ಹಾಗಾಗಿ ಊಟದ ಟೇಬಲ್ಲಿನಲ್ಲೂ ಎಲ್ಲರೂ ನಗುನಗುತ್ತಲೇ ಒಬ್ಬರನ್ನೊಬ್ಬರು ಅಳೆಯುತ್ತಾರೆ, ಮೊದಲ ಸೆಮಿಸ್ಟರಿನಲ್ಲಿ ನಾನು ತಟ್ಟೆ ಹಿಡಿದು ಯಾವ ಟೇಬಲ್ಲಿಗೆ ಹೋಗಲಿ ಎಂದು ನಿಂತಲ್ಲೇ ಅನ್ನ ತಣ್ಣಗಾಗಿಸಿಕೊಳ್ಳುತ್ತಿದ್ದೆ. ಈಗ ಈ ಕೊಳ. ಆಳದ ಬದಿಯಿಂದ ಜಿಗಿದು ಆ ಬದಿ ಮುಟ್ಟದವರಿಗೆ ಪದವಿ ಇಲ್ಲ, ಸಂಖ್ಯಾಶಾಸ್ತ್ರದಲ್ಲಿ ಎಷ್ಟೇ ಬಂದಿರಲಿ, ಜೀವನ ಕೌಶಲವಂತೆ, ಎರಡು ವರ್ಷ ಜ್ವರ, ಮುಟ್ಟು, ಕಿವಿನೋವು ಎಂದು ತಪ್ಪಿಸಿಕೊಂಡೆ, ಇವತ್ತು ಕೊನೆಯ ಸರದಿ.

ಆ ಟೇಬಲ್ಲುಗಳ ನಡುವೆ ನಿಂತವಳನ್ನು, ಏ ಹುಡುಗಿ, ಅನ್ನಕ್ಕ ಕಾವಲು ನಿಂತಿಯೇನು, ಬಾ ಇಲ್ಲಿ, ಎಂದು ಕರೆದವಳು ಮಾಲಾ, ಕೂಡ್ಲಿಗಿ ಕಡೆಯವಳು, ಅದೇ ದಿನ ಶೇಂಗಾ ಚಟ್ನಿಯ ಡಬ್ಬಿ ನನ್ನ ತಟ್ಟೆಗೆ ಬೋರಲು ಹಾಕಿದಳು, ಅದೇ ವಾರ ನನ್ನ ಕೋಣೆಗೇ ಇರಲು ಬಂದಳು, ಆಮೇಲೆ ನನಗೆ ಒಬ್ಬಳೇ ಊಟ ಮಾಡಿದ ನೆನಪಿಲ್ಲ. ಅಂಕದ ಪೈಪೋಟಿ ಅವಳಿಗೆ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ತನ್ನ ಲೆಕ್ಕಗಳನ್ನೆಲ್ಲ ನನ್ನ ಮುಂದೆ ಬಿಡಿಸಿ ತೋರಿಸುತ್ತಾಳೆ, ನೀ ಮ್ಯಾಲೆ ಹೋದ್ರ ನನ್ನನ್ನೂ ಎಳ್ಕೋಬೇಕಲೇ ಅನ್ನುತ್ತಾಳೆ. ಬೆಳಿಗ್ಗೆ ನಾನು ಸ್ನಾನ ಮಾಡಿ ಬಂದು ಎಡ ಅಂಗೈಯಲ್ಲಿ ಲಿಂಗವಿಟ್ಟು ಕೂತಾಗ ಅವಳು ಮಾತು ನಿಲ್ಲಿಸಿ ಗೋಡೆ ಕಡೆ ಹೊರಳುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ. ಈಜು ಕಲಿಸಿದವಳೂ ಅವಳೇ, ಬೆನ್ನಿಗೆ ಒಣ ಸೋರೆಕಾಯಿ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಕಲಿತವಳು, ಭಾನುವಾರದ ಮಧ್ಯಾಹ್ನಗಳಲ್ಲಿ ಇದೇ ಕೊಳದ ಆಳವಿಲ್ಲದ ಬದಿಯಲ್ಲಿ ನನ್ನ ಹೊಟ್ಟೆಯ ಕೆಳಗೆ ಅಂಗೈ ಇಟ್ಟು ತೇಲಿಸುತ್ತಿದ್ದಳು, ಹೆದ್ರಬ್ಯಾಡಲೇ ಗಂಗಿ, ನೀರೇನು ನಿನ್ನ ತಿಂತೈತೇನು. ದಸರಾ ರಜೆಗೆ ಅವಳನ್ನು ಹಡಗಲಿಗೆ ಕರೆದುಕೊಂಡು ಹೋದೆ, ಅಜ್ಜಿ ಕೊಟ್ರಬಸಮ್ಮ ಅವಳನ್ನು ಮೊಣಕಾಲ ಮುಂದೆ ಕೂಡಿಸಿಕೊಂಡು ಜಡೆ ಹೆಣೆದು ಮಲ್ಲಿಗೆ ಮುಡಿಸಿದಳು, ಮುಡಿಸುತ್ತಲೇ, ಯಾರ ಪೈಕಿಯಬೇ ನೀನು, ಅಂದಳು, ಮಾಲಾ ನೇರವಾಗಿ ಹೇಳಿದಳು, ತನ್ನ ಅಪ್ಪ ಪಾಲಣ್ಣನ ಹೆಸರು, ಊರಾಚೆಯ ತನ್ನ ಕೇರಿಯ ಹೆಸರು, ಅಜ್ಜಿಯ ಬೆರಳು ಎಲ್ಲೂ ನಿಲ್ಲಲಿಲ್ಲ, ಜಡೆ ಪೂರ್ತಿಯಾಯಿತು, ಮರುದಿನ ಮಾತ್ರ ಪೂಜೆಗೆ ಕೂರುವಾಗ ಯಾವತ್ತೂ ಮುಚ್ಚದ ಬಾಗಿಲು ಮುಚ್ಚಿಕೊಂಡಳು. ಮಾಲಾ ಜಗಲಿಯಲ್ಲಿ ಕೂತು ಹೂ ಬಿಡಿಸುತ್ತಿದ್ದಳು, ಬಾಗಿಲಿನ ಸದ್ದು ಕೇಳಿತೋ ಇಲ್ಲವೋ, ವಾಪಸ್ ಬರುವಾಗ ಬಸ್ಸಿನಲ್ಲಿ, ನಿಮ್ಮಜ್ಜಿ ಭಾಳ ಚಲೋ ಹೆಣೀತಾಳಲೇ, ಅಂದಳು. ರಾತ್ರಿ ಅಜ್ಜಿಯ ಫೋನು, ಗೆಳತ್ಯಾರು ಇರ್ಲಿ ತಂಗಿ, ನಾ ಬ್ಯಾಡ ಅನ್ನಂಗಿಲ್ಲ, ಚಲೋ ಹುಡುಗಿ ಐತಿ, ಲಿಂಗಕ್ಕ ಮಾತ್ರ ಮಂದಿ ಕೈ ಮುಟ್ಟಿಸಬ್ಯಾಡ. ನನಗೆ ಸಿಟ್ಟು ಬಂತು, ಕುದಿಯುವಷ್ಟು ಬಂತು, ಆದರೆ ಸಿಟ್ಟಿನ ತಳದಲ್ಲಿ ಏನೋ ಒಂದು ಅಜ್ಜಿಯ ಮಾತಿಗೆ ಸುಮ್ಮನೆ ತಲೆಯಾಡಿಸಿತು, ಅದನ್ನು ನೆನೆದರೆ ಈಗಲೂ ಹೆದರಿಕೆ.

ನನ್ನ ಮುಂದಿದ್ದವಳು ಜಿಗಿದಳು, ನೀರು ಸಿಡಿದು ಪಾದಕ್ಕೆ ಬಿತ್ತು, ತಣ್ಣಗೆ, ಇನ್ನು ನನ್ನದೇ. ಮಾಲಾ ಆಗಲೇ ದಾಟಿ ಮುಗಿಸಿ ಹೆಗಲಿಗೆ ಟವೆಲ್ ಹಾಕಿಕೊಂಡು ಕೊಳದ ಅಂಚಿನಲ್ಲಿ ಕೂತಿದ್ದಾಳೆ, ಕಣ್ಣಲ್ಲೇ ಧೈರ್ಯ ಹೇಳುತ್ತಾಳೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಮೆಲ್ಲಗೆ ಕೇಳಿದ್ದಳಲ್ಲ, ಲಾಕರಿನಾಗ ಯಾಕ ಇಡ್ತಿ, ನಾನು ಹಿಡ್ಕಂಡಿರ್ತೀನಿ ಕೊಡು, ಟವೆಲ್ಲಿನಾಗ ಸುತ್ತಿ ಎದಿಗೆ ಅವುಚ್ಕಂಡು ಕೂಡ್ತೀನಿ, ನೀ ಈಸಿ ಬರೋತನಕ ಕೆಳಗ ಇಡಂಗಿಲ್ಲ. ಅವಳ ಕೈ ಚಾಚಿಯೇ ಇತ್ತು. ಲಾಕರಿನಲ್ಲಿ ಆಗಲೇ ಇಟ್ಟುಬಿಟ್ಟೆ ಕಣೆ, ಅಂದೆ, ಎಷ್ಟು ಸಲೀಸಾಗಿ ಬಂತು ಸುಳ್ಳು, ಅವಳು ನನ್ನ ಟೋಪಿಯ ಉಬ್ಬನ್ನು ಒಂದು ಕ್ಷಣ ನೋಡಿದಳು, ಹೂಂ ಆತು ಬಿಡು ಅಂದಳು, ಕೈ ಹಿಂದಕ್ಕೆಳೆದು ಕೂದಲು ಸರಿಮಾಡಿಕೊಂಡಳು. ಅವಳಿಗೆ ಗೊತ್ತಾಯಿತೇ, ಗೊತ್ತಾಗಿರಲಿಕ್ಕಿಲ್ಲ, ಗೊತ್ತಾಗಿದ್ದರೆ — ಬೇಡ, ಅದು ಈಗ ಬೇಡ. ಅಜ್ಜಿಯ ಅಕ್ಕನ ಲಿಂಗ ನೀರು ಸೇದುವಾಗ ದಾರ ಹರಿದು ಬಾವಿಗೆ ಬಿತ್ತಂತೆ, ಊರ ಗಂಡಸರು ಬಾವಿಯ ನೀರೆಲ್ಲ ತೋಡಿ ಹುಡುಕುವವರೆಗೂ ಆಕಿ ಉಗುಳು ಸೈತ ನುಂಗಲಿಲ್ಲ, ಕಟ್ಟಿ ಮ್ಯಾಲೆ ಕಲ್ಲಾಗಿ ಕುಂತಿದ್ಲು, ಸಿಗದಿದ್ರ ಅಲ್ಲೇ ಜೀವ ಬಿಡ್ತಿದ್ಲು ಅಂತ ಅಜ್ಜಿ ಹೇಳುವಾಗ ನಾನು ರೊಟ್ಟಿ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆಯುತ್ತಿದ್ದೆ. ಈ ಕೊಳವನ್ನು ನನಗಾಗಿ ಯಾರು ತೋಡುತ್ತಾರೆ. ಗಂಗಾಂಬಿಕಾ, ರೆಡಿ ಏನ್ರಿ, ಸೀಟಿ ತುಟಿಗೆ ಹೋಗಿದೆ, ಇಷ್ಟು ದಿನ ಏಣಿ ಹಿಡಿದು ಮೆಲ್ಲಗೆ ಇಳಿದವಳು ನಾನು, ಆಳವಿಲ್ಲದ ಕಡೆ, ಟೋಪಿ ಒಂದು ಎಳೆಯಷ್ಟೂ ಸರಿದಿರಲಿಲ್ಲ, ಜಿಗಿಯುವುದನ್ನು ಮಾತ್ರ ಒಮ್ಮೆಯೂ ಮಾಡಿ ನೋಡಲಿಲ್ಲ, ಇದನ್ನು ಈಗ ಯೋಚಿಸುತ್ತಿದ್ದೇನೆ, ಈಗ, ಬುದ್ಧಿವಂತೆ, ಸಂಭವನೀಯತೆಯ ಲೆಕ್ಕದಲ್ಲಿ ಕ್ಲಾಸಿಗೇ ಎರಡನೆಯವಳು —

ಸೀಟಿ, ಕಾಲು ಅಂಚು ಬಿಟ್ಟಿತು, ನೀರು ಕಪಾಳಕ್ಕೆ ಹೊಡೆಯಿತು, ಕಿವಿಯೊಳಗೆ ಗುಂಯ್, ಮೇಲೆ ಯಾವುದು ಕೆಳಗೆ ಯಾವುದು, ನೀಲಿ, ಬರೀ ನೀಲಿ, ಕೈ ಬಡಿ, ಕಾಲು ಬಡಿ, ಬೆಳಕು, ಗಾಳಿ, ಕೆಮ್ಮು, ತೇಲುತ್ತಿದ್ದೇನೆ, ಅಮ್ಮಾ ತೇಲುತ್ತಿದ್ದೇನೆ, ಇನ್ನು ದಾಟಿದರೆ ಆಯಿತು, ಆದರೆ ತಲೆ ಯಾಕೆ ಇಷ್ಟು ಹಗುರ. ಕೂದಲು ಮುಖದ ತುಂಬ ಬಿಚ್ಚಿಕೊಂಡಿದೆ. ಟೋಪಿ ಅಲ್ಲಿ, ನೀರಿನ ಮೇಲೆ, ಬಿಳಿ ಬಟ್ಟೆಯೂ ಅಲ್ಲೇ, ಬಿಚ್ಚಿಹೋಗಿದೆ, ಖಾಲಿ, ಖಾಲಿ. ಕೈ ನೆತ್ತಿಗೆ ಹೋಯಿತು, ಎದೆಗೆ ಹೋಯಿತು, ಎಲ್ಲೂ ಇಲ್ಲ, ಅಂಚಿನ ಕಂಬಿ ಹೇಗೆ ಸಿಕ್ಕಿತೋ ಹಿಡಿದಿದ್ದೇನೆ, ಕೆಳಗೆ ನೋಡಿದೆ, ನೀರಿನ ತಳದಲ್ಲಿ ನೀಲಿ ಕಲ್ಲಿನ ಮೇಲೆ ಕಪ್ಪಗೆ ಒಂದು ಚುಕ್ಕೆ, ಅಲುಗುತ್ತಿದೆ, ಅಲೆಗೆ ಅಲುಗಿದ ಹಾಗೆ ಕಾಣುತ್ತಿದೆ, ನನ್ನ ಉಸಿರು ಅಲ್ಲಿದೆ, ನನ್ನ ಕಾಲಿನ ಕೆಳಗೆ, ಹೊಕ್ಕಳದ ಕೆಳಗೆ, ಎಲ್ಲದರ ಕೆಳಗೆ. ಕಂಬಿ ಬಿಡ್ರಿ, ಮುಂದ ಹೋಗ್ರಿ, ನಿಂತ್ರ ಫೇಲ್ ನೋಡ್ರಿ, ದುರುಗೇಶ್ ಸರ್ ಕೂಗುತ್ತಿದ್ದಾರೆ, ಫೇಲಾಗಲಿ, ಏನಾದರೂ ಆಗಲಿ, ನನಗೆ ಮುಳುಗಲು ಬರುವುದಿಲ್ಲ, ತೇಲುವುದನ್ನಷ್ಟೇ ಕಲಿತೆ, ಬಾಯಲ್ಲಿ ನೀರಿದೆ, ನುಂಗಬಾರದು, ಉಗುಳು ನುಂಗಬಾರದು, ಯಾರಿಗೆ ಹೇಳಲಿ, ಗೀತಾಂಜಲಿ ಆ ಬದಿಯಿಂದ ನೋಡುತ್ತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ಮಾಲಾ ಎದ್ದು ನಿಂತಿದ್ದಾಳೆ. ಮಾಲಾ ನನ್ನ ಕಣ್ಣು ನೋಡಿದಳು, ಬಿಳಿ ಬಟ್ಟೆ ನೋಡಿದಳು, ಬಗ್ಗಿ ತಳ ನೋಡಿದಳು, ಬೇಡ ಎನ್ನಬೇಕೆಂದು ಬಾಯಿ ತೆರೆದೆ, ಬೇಗ ಎನ್ನಬೇಕೆಂದೂ ತೆರೆದೆ, ಎರಡೂ ಬರಲಿಲ್ಲ, ಟವೆಲ್ ಕಲ್ಲಿನ ಮೇಲೆ ಬಿತ್ತು, ಅವಳು ಸದ್ದಿಲ್ಲದೆ ನೀರಿಗೆ ಹೋದಳು, ಬಾವಿಯಲ್ಲಿ ಕಲಿತವರು ಹಾಗೇ ಹೋಗುತ್ತಾರೆ, ಕೆಳಗೆ, ಇನ್ನೂ ಕೆಳಗೆ, ಅವಳ ನೆರಳು ಚುಕ್ಕೆಯನ್ನು ಮುಚ್ಚಿತು.

ಬಂದಳು. ಏದುಸಿರು, ಮೂಗಿನಿಂದ ನೀರು, ಕೆಂಪು ಕಣ್ಣು, ಬಲಗೈಯಲ್ಲಿ ನನ್ನ ಪಕ್ಕದ ಕಂಬಿ ಹಿಡಿದಳು, ಎಡಗೈ ಮುಷ್ಟಿ ಮೇಲೆತ್ತಿ ಬಿಡಿಸಿದಳು. ಅಂಗೈ ನಡುವೆ, ಕಪ್ಪಗೆ, ನುಣ್ಣಗೆ, ಒದ್ದೆಯಾಗಿ, ಬೆಳಿಗ್ಗೆ ನಾನು ಇಟ್ಟುಕೊಳ್ಳುವ ಹಾಗೆಯೇ, ಎಡ ಅಂಗೈಯ ಅದೇ ಕುಳಿಯಲ್ಲಿ, ತಗಾಳಲೇ ಗಂಗಿ, ಏನೂ ಆಗಿಲ್ಲ, ನೋಡು, ಒಂದು ಗೆರೀ ಬಿದ್ದಿಲ್ಲ. ಸಿಕ್ಕಿತು, ಸಿಕ್ಕಿಬಿಟ್ಟಿತು, ಅಳು ಬರುತ್ತಿದೆ, ಇನ್ನು ಕೈ ಚಾಚಿ ತೆಗೆದುಕೊಂಡರೆ ಮುಗಿಯಿತು, ಆ ಬದಿಗೆ ಈಜದಿದ್ದರೂ ಪರವಾಗಿಲ್ಲ, ತೆಗೆದುಕೋ, ಇಷ್ಟೇ ದೂರ, ಮಲ್ಲಿಗೆ ದಂಡೆಯಷ್ಟೂ ದೂರವಿಲ್ಲ, ಕೈ ಎತ್ತು, ಕಂಬಿ ಹಿಡಿದ ಬೆರಳು ಬಿಡುತ್ತಿಲ್ಲ, ಯಾಕೆ ಬಿಡುತ್ತಿಲ್ಲ, ಮುಳುಗುವ ಭಯಕ್ಕಿರಬೇಕು, ಅದಕ್ಕೇ ಇರಲಿ, ದೇವರೇ ಅದಕ್ಕೇ ಇರಲಿ — ಎಲ್ಲೋ ಒಂದು ಬಾಗಿಲು ಮುಚ್ಚಿಕೊಳ್ಳುತ್ತಿದೆ, ಅಜ್ಜಿ ಇಲ್ಲಿಲ್ಲ, ಮುಚ್ಚುತ್ತಿರುವವಳು ಅಜ್ಜಿಯಲ್ಲ. ಮಾಲಾ ಈಗ ನನ್ನ ಮುಖ ನೋಡುತ್ತಿಲ್ಲ, ನನ್ನ ಕೈ ನೋಡುತ್ತಿದ್ದಾಳೆ. ಸೀಟಿ, ಮತ್ತೊಮ್ಮೆ ಸೀಟಿ. ಅವಳ ತುಟಿಯ ಮೇಲಿನ ನಗು ಇನ್ನೂ ಇದೆ, ಅದರೊಳಗೆ ಯಾರೂ ಇಲ್ಲ. ಬೆರಳು ಬಿಡು, ಗಂಗಾ, ಬಿಡು, ಅವಳ ಅಂಗೈ ಚಾಚಿಯೇ ಇದೆ, ಗೆರೆಗಳಲ್ಲಿ ನೀರು ನಿಂತಿದೆ, ನೀರು ಮಣಿಕಟ್ಟಿಗೆ ಇಳಿಯುತ್ತಿದೆ, ನಡುವೆ ಕಪ್ಪಗೆ, ಚಿಕ್ಕದಾಗಿ ನನ್ನ ಉಸಿರು, ನನ್ನ ಬೆರಳು ಇನ್ನೂ ಕಂಬಿಯ ಮೇಲೆಯೇ, ಆ ಅಂಗೈ —