ಜನಾಜದ ಮುಂದಿನ ಪ್ರಶ್ನೆ

ಸರ್ವೊನೊನ ಬೆಳವನ ಹಕ್ಕಿಯ ಪಂಜರ ಆ ಬೆಳಗ್ಗೆ ಕಂಬ ಏರಲಿಲ್ಲ. ಮನೆ ಮುಂದೆ ಕಸ ಗುಡಿಸುತ್ತಿದ್ದ ಪೊನಿಯೆಮ್ ತಲೆ ಎತ್ತಿ ನೋಡಿ ಪೊರಕೆ ನಿಲ್ಲಿಸಿದಳು. ಮಾಗೆಲಾಂಗ್ ಪೇಟೆಯ ಆ ಓಣಿಯಲ್ಲಿ ಗಡಿಯಾರ ಕೆಟ್ಟು ನಿಂತರೂ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಸರ್ವೊನೊ ಹಗ್ಗ ಎಳೆದು ಪಂಜರವನ್ನು ಬಿದಿರುಗಂಬದ ತುದಿಗೆ ಏರಿಸುವಾಗ ರಾಟೆ ಕಿರುಗುಟ್ಟುತ್ತಿತ್ತು. ಆ ಸದ್ದಿಗೆ ಹೆಂಗಸರು ಅಕ್ಕಿ ತೊಳೆಯುತ್ತಿದ್ದರು, ಮಕ್ಕಳು ಬೈಸಿಕೊಂಡು ಏಳುತ್ತಿದ್ದರು. ಇವತ್ತು ಕಂಬ ಬೋಳಾಗಿ ನಿಂತಿತ್ತು.

ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕು ಕೆಮ್ಮಿ, ಸರ್ವೊನೊ ತೀರಿಕೊಂಡ ಸುದ್ದಿ ಹೇಳಿತು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು ಮಾಡುವುದು ಎಂದಿತು.

ಪೊನಿಯೆಮ್ ಉಳಿದ ಕಸ ಗುಡಿಸಿದಳು. ತನ್ನ ಮನೆಯ ಮುಂದಿನದು ಮುಗಿದ ಮೇಲೆ, ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಮಾಡದಿದ್ದ ಕೆಲಸ ಮಾಡಿದಳು: ಪಕ್ಕದ ಸರ್ವೊನೊನ ಅಂಗಳವನ್ನೂ ಗುಡಿಸಿದಳು. ಸಾವಿನ ಮನೆಗೆ ಜನ ಬರುತ್ತಾರೆ, ಎಲೆ ಬಿದ್ದಿರಬಾರದು, ಅಷ್ಟೇ, ಬೇರೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ತಲೆಗೆ ಬಟ್ಟೆ ಸುತ್ತಿ, ಚಾಕು ಸೆರಗಿಗೆ ಸಿಕ್ಕಿಸಿಕೊಂಡು ಆ ಮನೆಯ ಹಿತ್ತಿಲಿಗೆ ಹೋದಳು. ಯಾರ ಮನೆಯಲ್ಲಿ ಸಾವಾದರೂ ಓಣಿಯ ಹೆಂಗಸರು ಅಡುಗೆಗೆ ನಿಲ್ಲಬೇಕು. ಹೋಗದಿದ್ದರೆ ಅದೇ ಒಂದು ಸುದ್ದಿಯಾಗುತ್ತದೆ. ಅವಳ ಬಗ್ಗೆ ಸುದ್ದಿಗೆ ಮೊದಲೇ ಬರವಿರಲಿಲ್ಲ.

ಹಿತ್ತಿಲಲ್ಲಿ ಬು ತುಕಿನಾ ಕೊಬ್ಬರಿ ತುರಿಯುತ್ತಾ ಕೂತಿದ್ದಳು. ಅವಳ ಕೈಗಿಂತ ಬಾಯಿಗೆ ಕೆಲಸ ಜಾಸ್ತಿ. ಪೊನಿಯೆಮ್ ಓಣಿಯವರಿಗೆ ಗಂಡನ ಹೆಸರಿನಿಂದಲೇ ಬು ವಾಗಿಮಿನ್, ಅಂದರೆ ವಾಗಿಮಿನ್ ಅಮ್ಮ.

"ಓ, ಬು ವಾಗಿಮಿನ್. ಬಂದೇ ಬಿಟ್ರಾ? ನಿಮ್ಮನೇಲಿ ಸಾವಿನ ಸುದ್ದಿ ಒಂದಿನ ತಡವಾಗಿ ಗೊತ್ತಾಗತ್ತೇನೋ ಅಂದ್ಕೊಂಡಿದ್ದೆ."

ಉಳಿದವರು ತಲೆ ತಗ್ಗಿಸಿ ಹುರುಳಿಕಾಯಿ ಮುರಿದರು.

"ಮೈಕಲ್ಲಿ ಹೇಳಿದ್ರಲ್ಲ, ಕೇಳಿಸ್ತು," ಎಂದಳು ಪೊನಿಯೆಮ್. "ನೀವು ತುರೀರಿ. ಕೈ ಕೊಯ್ಕೊಂಡೀರಿ."

ಇಪ್ಪತ್ತು ವರ್ಷದ ಹಳೆಯ ಮಾತು ಅದು. ಸರ್ವೊನೊನ ಒಬ್ಬಳೇ ಮಗಳು ರೆಟ್ನೊ ಮದುವೆಯಾದ ದಿನ. ಬೆಳಗಿನ ಜಾವ ವಾಗಿಮಿನ್ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಪೊನಿಯೆಮ್ ಕೂಗಿದ್ದನ್ನು ಕೇಳಿ ಗೋಡೆ ಹಾರಿ ಬಂದವನು ಸರ್ವೊನೊ ಒಬ್ಬನೇ. ಇಬ್ಬರೂ ಸೇರಿ ಹೆಣವನ್ನು ಒಳಗೆ ತಂದು ಮಲಗಿಸಿದರು. ಕಣ್ಣು ಮುಚ್ಚಿದ್ದು ಸರ್ವೊನೊನೇ. ಮಸೀದಿಗೆ ಹೇಳಿ ಬರುತ್ತೇನೆಂದು ಹೊರಟವನು ಬಾಗಿಲಲ್ಲಿ ನಿಂತುಬಿಟ್ಟ.

"ಬು, ಬೀಗರ ಬಸ್ಸು ಸೆಮಾರಾಂಗ್ ಬಿಟ್ಟಾಗಿದೆ. ಪಕ್ಕದಲ್ಲೇ ಹೆಣ ಇದೆ ಅಂದ್ರೆ ಅವರು ಬಸ್ಸಿಂದ ಇಳಿಯಲ್ಲ. ಆ ಹುಡುಗನ ತಾಯಿ ಎಂಥೋಳು ಅಂತ ನಿಮಗೂ ಗೊತ್ತು. ಮಧ್ಯಾಹ್ನದವರೆಗೆ ಮಾತ್ರ, ಬು. ರೆಟ್ನೊಗೋಸ್ಕರ."

ಪೊನಿಯೆಮ್‌ಗೆ ಮಕ್ಕಳಿಲ್ಲ. ರೆಟ್ನೊ ಅವಳ ತೊಡೆಯ ಮೇಲೆ ಉಂಡು ಬೆಳೆದವಳು, ಬುದೆ, ಬುದೆ ಎಂದು ದೊಡ್ಡಮ್ಮನ ಹಿಂದೆ ಮುಂದೆ ಸುತ್ತಿದವಳು. ಪೊನಿಯೆಮ್ ಹೂಂ ಎಂದಳು.

ಬಾಗಿಲು ಹಾಕಿಕೊಂಡು ಗಂಡನ ಪಕ್ಕ ಕೂತಳು. ಗೋಡೆಯಾಚೆ ಹಾಡು ಶುರುವಾಯಿತು. ಅಳು ಹೊರಗೆ ಕೇಳದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಧ್ಯಾಹ್ನ ಕಳೆಯಿತು. ಬೀಗರ ಕಡೆಯವರು ಇನ್ನೂ ಉಣ್ಣುತ್ತಿದ್ದರು. ಸಂಜೆಯಾಯಿತು, ಇನ್ನೂ ಹಾಡು. ಕತ್ತಲಾಗುವ ಹೊತ್ತಿಗೆ ಬಸ್ಸು ಹೊರಟಿತು, ಮಳೆ ಹಿಡಿಯಿತು, ಆಗ ಸುದ್ದಿ ಮೈಕಿಗೆ ಹೋಯಿತು. ಮದುವೆ ಊಟ ಉಂಡು ದಣಿದ ಓಣಿ ಬೆಚ್ಚಗೆ ಮಲಗಿತ್ತು. ಬಂದವರು ಬೆರಳೆಣಿಕೆಯ ಜನ. ಓಣಿಯಲ್ಲಿ ಯಾರು ಸತ್ತರೂ ಹೆಣ ಹೊತ್ತ ಜನಾಜದ ಮೇಲೆ ಕೊಡೆ ಹಿಡಿದು ಗೋರಿಯವರೆಗೆ ನಡೆಯುತ್ತಿದ್ದವನು ವಾಗಿಮಿನ್. ಅವನ ಮೇಲೆ ಕೊಡೆ ಹಿಡಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೊಡೆ ಅವಳ ಮನೆಯ ಮೊಳೆಗೇ ನೇತಾಡುತ್ತಿತ್ತು. ಅವನು ನೆನೆದುಕೊಂಡೇ ಹೋದ.

ಮಾರನೆಯ ದಿನ ಹೆಣ ತೊಳೆದವರು ಬಾಯಿ ಬಿಟ್ಟರು: ಮೈ ಆಗಲೇ ಸೆಟೆದಿತ್ತು. ಹಾಗಾದರೆ ದಿನವಿಡೀ ಹೆಣ ಇಟ್ಟುಕೊಂಡು ಇವಳು ಏನು ಮಾಡುತ್ತಿದ್ದಳು? ಮಾಟವೋ, ದುಡ್ಡಿನ ದೆವ್ವಕ್ಕೆ ಗಂಡನನ್ನೇ ಬಲಿ ಕೊಟ್ಟಳೋ? ಊರ ಬಾಯಿಗೆ ಬೀಗ ಹಾಕುವವರು ಯಾರು? ಹಾಕಬಹುದಾಗಿದ್ದ ಒಬ್ಬನಿದ್ದ. ಅವನು ಆ ಗುಂಪಿನಲ್ಲೇ ನಿಂತು ನೆಲ ನೋಡಿದ.

ಅವಳೇ ಹೇಳಬಹುದಿತ್ತಲ್ಲ ಎಂದರೆ, ಹೇಳಬಹುದಿತ್ತು. ಮಾತು ಸೆಮಾರಾಂಗಿಗೆ ಮುಟ್ಟಲು ಎಷ್ಟು ಹೊತ್ತು? ರೆಟ್ನೊಗೆ ಮೊದಲ ಬಸಿರು ನಿಲ್ಲಲಿಲ್ಲ. ಗೊತ್ತಾಗಿದ್ದರೆ, ಹೆಣದ ಮಗ್ಗುಲಲ್ಲಿ ನಡೆದ ಮದುವೆ ಇನ್ನೇನಾದೀತು ಎಂದು ಅತ್ತೆ ಹುಡುಗಿಯನ್ನು ಹರಿದು ತಿನ್ನುತ್ತಿದ್ದಳು. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಪೊನಿಯೆಮ್ ಅದನ್ನು ಬಾಯಲ್ಲೇ ಇಟ್ಟುಕೊಂಡು ಮುದುಕಿಯಾದಳು.

ಪ್ರತಿ ವರ್ಷ ಉಪವಾಸದ ತಿಂಗಳಿಗೆ ಮುಂಚೆ ಮನೆಮನೆಗೂ ಅಪ್ಪದಂಥ ಅಕ್ಕಿಯ ಆಪೆಮ್ ಹಂಚುತ್ತಾರೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು. ಹಂಚುವುದು ಹೆಂಗಸರ ಕೆಲಸ. ಪೊನಿಯೆಮ್ ಮನೆಗೆ ಮಾತ್ರ ಸರ್ವೊನೊ ತಾನೇ ತಟ್ಟೆ ಹಿಡಿದು ಬಂದು, ಮಾತಿಲ್ಲದೆ ಜಗುಲಿಯ ಮೇಲಿಟ್ಟು ಹೋಗುತ್ತಿದ್ದ. ಬಂದ ತಟ್ಟೆಯನ್ನು ಖಾಲಿ ಹಿಂತಿರುಗಿಸಬಾರದು, ಒಂದು ಬಾಳೆಹಣ್ಣಾದರೂ ಇಡಬೇಕು. ಅವಳು ತಟ್ಟೆಯನ್ನು ಫಳಫಳ ತೊಳೆದು ಖಾಲಿಯೇ ಕಳಿಸುತ್ತಿದ್ದಳು. ಮುಂದಿನ ವರ್ಷ ಅದೇ ತಟ್ಟೆ ಮತ್ತೆ ಬರುತ್ತಿತ್ತು.

ಮಧ್ಯಾಹ್ನದ ಬಿಸಿಲಿಗೆ ಜನಾಜ ಅಂಗಳಕ್ಕೆ ಬಂತು. ಮೇಲೆ ಹಸಿರು ಬಟ್ಟೆ, ಮಲ್ಲಿಗೆಯ ಮಾಲೆ, ಕೊಡೆ. ಓಣಿ ತುಂಬಿ ಆಚೆ ಬೀದಿಯವರೆಗೂ ಜನ. ಸಾವಿನ ವಿಧಿ ನಡೆಸುವ ಪಾಕ್ ಮುಖ್ಸಿನ್ ಮುಂದೆ ನಿಂತ. ಈಗ ಅವನು ಕೇಳುವ ಮಾತು ಪೊನಿಯೆಮ್‌ಗೆ ಗೊತ್ತಿತ್ತು. ಸತ್ತವನಿಗಿಂತ ಮುಂಚೆ ನೆರೆಹೊರೆಯವರ ಸಾಕ್ಷಿ ದೇವರ ಮುಂದೆ ಹೋಗಿ ನಿಂತಿರಬೇಕು. ನೆರೆ ಎಂದರೆ ಅವಳೇ. ಇನ್ನೊಂದು ಮಗ್ಗುಲಲ್ಲಿ ಇದ್ದದ್ದು ಬರೀ ಚರಂಡಿ.

"ನಮ್ಮ ಸರ್ವೊನೊ ಒಳ್ಳೆ ಮನುಷ್ಯ ಆಗಿದ್ರಾ, ಹೇಳಿ," ಎಂದ ಮುಖ್ಸಿನ್.

"ಒಳ್ಳೆ ಮನುಷ್ಯ," ಎಂದಿತು ಜನ.

ಪೊನಿಯೆಮ್ ಬಾಯಿ ತೆರೆಯಲಿಲ್ಲ.

"ಒಳ್ಳೆ ಮನುಷ್ಯ ಆಗಿದ್ರಾ?"

"ಒಳ್ಳೆ ಮನುಷ್ಯ."

ಬು ತುಕಿನಾ ಕತ್ತು ತಿರುಗಿಸಿ ಅವಳ ತುಟಿಯನ್ನೇ ನೋಡುತ್ತಿದ್ದಳು. ಒಳ್ಳೆಯವನೇ ಅವನು? ಬಾವಿ ಬತ್ತಿದ ವರ್ಷ ಅವಳ ಕೊಡ ಮೊದಲು ತುಂಬಿಸಿಟ್ಟವನು ಅವನೇ. ಗಾಳಿಗೆ ಹೆಂಚು ಹಾರಿದಾಗ ಕರೆಯದೆ ಬಂದು ಹೊದಿಸಿದವನೂ ಅವನೇ. ಬಾಯಿ ಬಿಟ್ಟು ಒಂದು ಮಾತು ಹೇಳು ಎಂದರೆ ಮಾತ್ರ ಅವನ ಕೈಲಾಗಲಿಲ್ಲ, ಅವಳಿಗೆ ಬೇಕಾಗಿದ್ದದ್ದು ಆ ಒಂದು ಮಾತೇ. ಈಗ ಹೇಳಿಬಿಡಲೇ? ಇಷ್ಟು ಜನ ಮತ್ತೆಂದು ಸೇರುತ್ತಾರೆ? ಜನಾಜದ ಹಿಂದೆ ರೆಟ್ನೊ ತಾಯಿಯನ್ನು ಹಿಡಿದುಕೊಂಡು ನಿಂತಿದ್ದಳು, ಪಕ್ಕದಲ್ಲಿ ಗಂಡ, ಬಗಲಿಗೆ ಸೆಮಾರಾಂಗಿನ ಅತ್ತೆ. ರೆಟ್ನೊ ಜನಾಜವನ್ನು ನೋಡುತ್ತಿರಲಿಲ್ಲ, ಪೊನಿಯೆಮ್‌ಳನ್ನೇ ನೋಡುತ್ತಿದ್ದಳು.

"ಮೂರನೇ ಸಲ ಕೇಳ್ತಿದೀನಿ. ಒಳ್ಳೆ ಮನುಷ್ಯ ಆಗಿದ್ರಾ?"

"ಒಳ್ಳೆ ಮನುಷ್ಯ," ಎಂದು ಎಲ್ಲರೂ ಹೇಳಿ ಮುಗಿಸಿದ ಮೇಲೆ, ಒಂದು ಮುದಿ ದನಿ ಒಂಟಿಯಾಗಿ ಕೇಳಿಸಿತು. "ಒಳ್ಳೆ ಮನುಷ್ಯ."

ಅದು ತನ್ನದೇ ದನಿ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಸಂಜೆ ಅವಳು ಬಾವಿಕಟ್ಟೆಯಲ್ಲಿ ಸಾವಿನ ಮನೆಯ ಪಾತ್ರೆ ಬೆಳಗುತ್ತಿದ್ದಾಗ ರೆಟ್ನೊ ಬಂದು ಕಾಲ ಬಳಿ ಕುಕ್ಕರಿಸಿದಳು. ನಲವತ್ತು ದಾಟಿದ ಹೆಂಗಸು, ಅತ್ತು ಅತ್ತು ಮಗುವಿನ ಮುಖವಾಗಿತ್ತು.

"ಬುದೆ, ನಂಗೆ ಗೊತ್ತು. ಅಪ್ಪ ಹೋಗೋ ಮುಂಚೆ ಎಲ್ಲ ಹೇಳಿದ್ರು. ನೀವು ಇವತ್ತು ಹೇಳ್ಬಿಡ್ತೀರಿ ಅಂದ್ಕೊಂಡಿದ್ದೆ. ಹೇಳಲಿ ಅಂತಾನೂ ಇತ್ತು, ಬೇಡ ಅಂತಾನೂ ಇತ್ತು."

ಪೊನಿಯೆಮ್ ಪಾತ್ರೆಯನ್ನು ಕಲ್ಲಿಗೆ ಕುಕ್ಕಿದಳು. "ನಿಂಗೆ ಹೇಳಿದ್ರಾ? ನಿಂಗೆ ಹೇಳಿ ಏನು ಬಂತು? ಗೋಡೆ ಆಚೆ ನಾನಿದ್ನಲ್ಲ. ತುಕಿನಾ ಬಾಯಲ್ಲಿ ನಾನು ಮಾಟಗಾತಿ ಆಗಿದ್ದು ಅವ್ರಿಗೆ ಕೇಳಿಸ್ತಿರ್ಲಿಲ್ವಾ? ಆಪೆಮ್ ಕೊಟ್ರೆ ಮುಗೀತಾ? ನನ್ನ ಹೆಸರು ಹಾಳಾಗಿ ಹೋಗ್ಲಿ. ನಮ್ಮನೆಯವ್ರು ಒಬ್ರೇ ಹೋದ್ರು, ರೆಟ್ನೊ. ಎಲ್ಲರ ಜನಾಜದ ಜೊತೆಗೂ ಹೋದೋರು, ಒಬ್ರೇ ಹೋದ್ರು."

"ನಾನು ಎಲ್ರಿಗೂ ಹೇಳ್ತೀನಿ, ಬುದೆ."

"ಬೇಡ. ನಿಮ್ಮತ್ತೆ ಏಳನೇ ದಿನದವರೆಗೂ ಇಲ್ಲೇ ಇರ್ತಾರೆ. ಇಷ್ಟು ವರ್ಷ ನುಂಗಿದ್ದು ನಿನ್ನ ಸಂಸಾರಕ್ಕೆ. ಈಗ ನೀನೇ ಅದನ್ನ ಒದ್ದು ಕೆಡವಬೇಡ. ಹೋಗು, ಅಮ್ಮನ ಹತ್ರ ಕೂತ್ಕೋ."

ರೆಟ್ನೊ ಕಣ್ಣೊರೆಸಿಕೊಂಡು ಎದ್ದಳು. ಮಾರನೆಯ ದಿನ ಪಂಜರ ಮತ್ತೆ ಕಂಬ ಏರಿತು. ಅಭ್ಯಾಸವಿಲ್ಲದ ಕೈ ಎಳೆದದ್ದರಿಂದ ರಾಟೆ ತಡೆದು ತಡೆದು ಕಿರುಗುಟ್ಟಿತು.

ಏಳನೆಯ ದಿನದ ಪ್ರಾರ್ಥನೆಗೆ ಇಡೀ ಓಣಿ ಸೇರಿತು. ಮುಸ್ಸಂಜೆಯ ನಮಾಜು ಮುಗಿಸಿ ಗಂಡಸರು ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತರು. ಒಳಗೆ ಜಾಗ ಸಾಲದೆ ಪೊನಿಯೆಮ್‌ಳ ಜಗುಲಿಯ ಮೇಲೂ ಕೂತರು. ಹಿತ್ತಿಲಲ್ಲಿ ಹೆಂಗಸರು ಮನೆಗೊಯ್ಯುವ ಊಟದ ಪೊಟ್ಟಣ ಕಟ್ಟುತ್ತಿದ್ದರು. ಪೊನಿಯೆಮ್ ಅನ್ನ ಬಡಿಸಿಕೊಡುವವಳು, ಬು ತುಕಿನಾ ಅದರ ಮೇಲೆ ಮೊಟ್ಟೆ ಇಡುವವಳು.

ಒಳಗಿನಿಂದ ಮುಖ್ಸಿನ್‌ನ ದನಿ ಬಂತು. ಮನೆಯವರು ಹೇಳಿದ ಸತ್ತವರ ಹೆಸರುಗಳನ್ನು ಅವನು ಮೊದಲು ಕೂಗುತ್ತಾನೆ, ಆಮೇಲೆ ಎಲ್ಲರೂ ಅವರಿಗಾಗಿ ಓದುತ್ತಾರೆ. ಮೊದಲು ಬರಬೇಕಾದ ಹೆಸರು ಸರ್ವೊನೊನದು.

"ಇವತ್ತು ಮೊದಲನೇ ಪ್ರಾರ್ಥನೆ ವಾಗಿಮಿನ್ ಅವರಿಗೆ. ಮಗಳು ರೆಟ್ನೊ ಕೇಳ್ಕೊಂಡಿದಾರೆ, ಯಾಕೆ ಅಂತಾನೂ ಹೇಳಿ ಅಂದಿದಾರೆ. ವಾಗಿಮಿನ್ ತೀರ್ಕೊಂಡಿದ್ದು ರೆಟ್ನೊ ಮದುವೆ ದಿನ ಬೆಳಗಿನ ಜಾವ. ಮದುವೆ ಮುಗಿಯೋವರೆಗೂ ಸುದ್ದಿ ಎತ್ತಬೇಡಿ ಅಂತ ಬು ವಾಗಿಮಿನ್ ಅವರ ಹತ್ರ ಬೇಡ್ಕೊಂಡಿದ್ದು ಸರ್ವೊನೊ. ಅವರು ಬಾಯಿ ಮುಚ್ಕೊಂಡು ಹೆಣದ ಹತ್ರ ಕೂತಿದ್ರು, ನಾವು ಹೊರಗೆ ಉಂಡ್ವಿ. ಆ ಜನಾಜಕ್ಕೆ ನಾನೂ ಹೋಗಿರ್ಲಿಲ್ಲ. ಮಳೆ ಇತ್ತು."

ಹಿತ್ತಿಲಲ್ಲಿ ಕೈಗಳು ನಿಂತವು. ನಡುಮನೆಯ ಬಾಗಿಲಲ್ಲಿ ಸೆಮಾರಾಂಗಿನ ಅತ್ತೆ ಸೊಸೆಯನ್ನು ಕಣ್ಣಲ್ಲೇ ಸುಡುತ್ತಿದ್ದಳು. ರೆಟ್ನೊ ತಲೆ ತಗ್ಗಿಸಲಿಲ್ಲ.

"ಬು ವಾಗಿಮಿನ್," ಎಂದಳು ತುಕಿನಾ. "ನಾನು ಆಡಿದ್ದೆಲ್ಲ..."

"ಈಗ ಬೇಡ. ಓದ್ತಿದಾರೆ."

ಓದುತ್ತಿದ್ದರು. ನಡುಮನೆಯಿಂದ, ಅಂಗಳದಿಂದ, ಅವಳದೇ ಜಗುಲಿಯಿಂದ ಒಟ್ಟಿಗೆ ದನಿ ಎದ್ದಿತು. ಆ ರಾತ್ರಿ ಮಲಗಿದ್ದವರೆಲ್ಲ ಇಲ್ಲಿದ್ದರು. ಅವರ ಮಕ್ಕಳೂ ಇದ್ದರು. ಎಲ್ಲರ ಬಾಯಲ್ಲೂ ವಾಗಿಮಿನ್. ಪೊನಿಯೆಮ್ ಕೈಯಲ್ಲಿದ್ದ ಅನ್ನದ ಸೌಟನ್ನು ಕೆಳಗಿಟ್ಟಳು. ಅಳು ಬಂತು. ಈ ಸಲ ಅವಳು ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ.

"ಕೇಳಿಸ್ತೇನ್ರೀ?" ಎಂದಳು, ಕತ್ತಲ ಬಾವಿಕಟ್ಟೆಯ ಕಡೆ ತಿರುಗಿ. "ಎಲ್ರೂ ಬಂದಿದಾರೆ."