ಮೂರಕ್ಕೊಂದು ಹ್ಞೂಂ

ಹಡಗನ್ನೇ ಕಾಣದ ಊರಿನವರು ಹಡಗಿನ ಕತೆ ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ಗಂಡಸರು ಜನಾಜಾಕ್ಕೆ ಹೆಗಲು ಕೊಡಲು ಬಾಗಿದಾಗ ಸತ್ತವನ ಹೆಂಡತಿ ಹಾಜಿರಾ ಬೀ ಅಡ್ಡ ನಿಂತಳು. "ಎತ್ತಬ್ಯಾಡ್ರಿ. ರಾಜಾಸಾಬನ ಜವಾಬು ಬರಲಿ."

ಹರಪನಹಳ್ಳಿಯ ಆ ಅಂಗಳದಲ್ಲಿ ಜನ ಮುಖ ಮುಖ ನೋಡಿಕೊಂಡರು. ಮಗ ರಾಜಾಸಾಬ್ ಹಡಗಿನಲ್ಲಿದ್ದ. ಅಪ್ಪ ಮಕ್ತುಂ ಸಾಬ್ ಮಾಡಿದ್ದ ರೇಡಿಯೊ ಕೆಲಸವೇ ಅವನದೂ. ಬೆಳಗಿನ ಐದಕ್ಕೆ ಅಪ್ಪ ತೀರಿಕೊಂಡಿದ್ದ. ಪೋಸ್ಟಾಫೀಸು ತೆರೆಯುತ್ತಲೇ ತಂತಿ ಮುಂಬೈಗೆ ಹೋಗಿತ್ತು, ಅಲ್ಲಿಂದ ಗಾಳಿಯಲ್ಲಿ ಹಡಗಿಗೆ.

"ಭಾಬಿ, ಮಧ್ಯಾಹ್ನದ ನಮಾಜ್ ಆತು. ಮಣ್ಣು ತಡ ಮಾಡಬಾರ್ದು," ಎಂದ ಮೈದುನ ಹಸನ್ ಸಾಬ್. "ಸುದ್ದಿ ಮುಟ್ಟೇ ಮುಟ್ಟತೈತಿ."

"ಮುಟ್ಟೋದು ಬ್ಯಾರೆ, ಸರಿಯಾಗಿ ಮುಟ್ಟೋದು ಬ್ಯಾರೆ. ಸಂಜಿಮುಂದಿನ ಅಸರ್ ನಮಾಜಿನತನಕ ತಡಿಯಪ್ಪ."

*

ಎಪ್ಪತ್ತನೇ ಇಸವಿಯಲ್ಲಿ ಮಾವ ಸತ್ತಾಗಲೂ ಹಡಗಿನಲ್ಲಿದ್ದ ಗಂಡನಿಗೆ ತಂತಿ ಕೊಟ್ಟವಳು ಅವಳೇ. ಅಂದು ಸಮುದ್ರದ ಮೇಲೆ ಬಿರುಗಾಳಿ. ಹಡಗಿನ ಯಂತ್ರದ ಕಾಗದದ ಮೇಲೆ ಅರ್ಧ ಅಕ್ಷರಗಳು ಕೆಟ್ಟು ಮೂಡಿದವು. ತೀರಿಕೊಂಡರು ಎಂಬುದು ಉಳಿಯಿತು. ಯಾರು ಎಂಬುದು ಉಳಿಯಲಿಲ್ಲ. ಬಂದರು ಮುಟ್ಟುವತನಕ ಹನ್ನೊಂದು ದಿನ ಮಕ್ತುಂ ಸಾಬ್ ಅಪ್ಪನನ್ನು, ಹೆಂಡತಿಯನ್ನು, ಶಾಲೆಗೆ ಹೋಗುವ ಮಗನನ್ನು ಸರದಿಯಂತೆ ಮನಸ್ಸಿನಲ್ಲೇ ಮಣ್ಣು ಮಾಡಿದ.

ಎಷ್ಟೋ ವರ್ಷದ ಮೇಲೆ ರಜಕ್ಕೆ ಬಂದವನು ಚೀಲ ಇಳಿಸುವ ಮೊದಲೇ ಕೂಗಿದ್ದ: "ಹಾಜಿರಾ, ಇನ್ನ ಹಂಗಾಗಲ್ಲ! ಹೊಸ ಯಂತ್ರ ಬಂದೈತಿ. ಮೂರು ಅಕ್ಷರ ಕಳಿಸಿ ನಿಂದ್ರತೈತಿ. ಅಕ್ಷರಕ್ಕ ಏಳು ಮಿಡಿತ, ನಾಕು ಒಂದು ಥರ, ಮೂರು ಇನ್ನೊಂದು ಥರ. ಎಣಿಕಿ ತಪ್ಪಿದ್ರ ಆ ಕಡಿ ಯಂತ್ರ ಮತ್ತ ಹೇಳು ಅಂತೈತಿ. ಸರಿ ಅನ್ನೋತನಕ ಅವೇ ಮೂರು!"

ಅಂದಿನಿಂದ ಮನೆಯಲ್ಲೂ ಮೂರು ಮಾತಾಡಿ ನಿಲ್ಲುವನು. ಅವಳು ಹ್ಞೂಂ ಎನ್ನುವತನಕ ನಾಲ್ಕನೆಯದು ಹೊರಡುತ್ತಿರಲಿಲ್ಲ.

*

"ಸಂತ್ಯಾಗ ಬದನಿಕಾಯಿ ಕೇಳಾಕೂ ಹಂಗ ಮಾಡ್ತಿದ್ದ," ಎಂದ ನೆರೆಮನೆಯ ಬೆನಕಪ್ಪ. "ಹ್ಞೂಂ ಅಂದಂದು ನನ್ನ ಗಂಟ್ಲು ಹರೀತು." ಅಳುತ್ತಿದ್ದವರೂ ನಕ್ಕರು.

ಅಷ್ಟರಲ್ಲಿ ತಂತಿ ತರುವ ಓಬಳೇಶ ಸೈಕಲನ್ನು ಗೋಡೆಗೆ ಎಸೆದೇ ಒಳನುಗ್ಗಿದ. "ಹಾಜಿರಕ್ಕಾ, ಬಂತು!"

"ಓದಪ್ಪ. ನಿಧಾನ."

"ಅಬ್ಬಾ ತೀರಿಕೊಂಡ್ರು. ಇವತ್ತು ಬೆಳಿಗ್ಗೆ ಐದಕ್ಕ. ತಿಳೀತು. ನಾನೂ ಇಲ್ಲೇ ನಮಾಜಿಗೆ ನಿಲ್ತೀನಿ."

ಯಾರು, ಯಾವಾಗ ಎಂದು ಕಳಿಸಿದ್ದೆಲ್ಲ ಹಾಗೇ ತಿರುಗಿ ಬಂದಿತ್ತು. ಹಾಜಿರಾ ಬೀ ಕಫನಿನ ಬಟ್ಟೆಯ ಮೇಲೆ ಬಾಗಿ, "ಗೆದ್ರಿ, ನೋಡ್ರಿ. ಒಂದಕ್ಷರನೂ ಕೆಟ್ಟಿಲ್ಲ," ಎಂದಳು. ಆಮೇಲೆ ತಲೆಯೆತ್ತಿ, "ಈಗ ಎತ್ರಿ."

ಜನಾಜಾ ಮೂರು ಹೆಜ್ಜೆ ಸಾಗಿತು. ಹೊಸ್ತಿಲಲ್ಲಿ ನಿಂತವಳು ಬೀದಿಗೆಲ್ಲ ಕೇಳುವಂತೆ, "ಹ್ಞೂಂ," ಎಂದಳು. ಮತ್ತೆ ಮೂರು ಹೆಜ್ಜೆ. "ಹ್ಞೂಂ." ತಿರುವು ದಾಟುವತನಕ ಒಂದನ್ನೂ ಬಿಡಲಿಲ್ಲ.

ಆ ಹೊತ್ತಿಗೆ ಹಡಗು ಯಾವ ಸಮುದ್ರದಲ್ಲಿತ್ತು, ರಾಜಾಸಾಬ್ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.