ಸೂಲಗಿತ್ತಿಯ ಹೆಬ್ಬೆಟ್ಟು

ಸಿಂಧನೂರಿನ ಸೂಲಗಿತ್ತಿ ಅಯ್ಯಮ್ಮ ಶಾಲೆಗೆ ಬಂದದ್ದೇ ಜಗಳಕ್ಕೆ. ನಿಜಾಮ ಸರ್ಕಾರದ ಆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೈನೆರೆಯುವುದು, ಬಸಿರು, ಬಾಣಂತನ ಎಲ್ಲ ಪಾಠ ಮಾಡುತ್ತಾರಂತೆ. ಅದಕ್ಕೆ ಹೆತ್ತವರು ಒಪ್ಪಿಗೆಯ ಇಜಾಜತ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ.

“ನನ್ನ ಮಗಳು ಯಂಕಮ್ಮಗ ಇದನ್ನೆಲ್ಲ ನೀವೇನು ಕಲಿಸ್ತೀರಿ? ಅರ್ಧ ಊರು ಈ ಕೈಯಾಗ ಹುಟ್ಟೈತ್ರಿ!” ಎಂದು ಬಾಗಿಲಲ್ಲೇ ಗುಡುಗಿದಳು.

ಪಾಠ ಹೇಳುವ ಉಸ್ತಾನಿ ಖುರ್ಷೀದ್ ಬೇಗಂ ವಾದಕ್ಕಿಳಿಯಲಿಲ್ಲ. ಪಾಠಕ್ಕೆಂದು ತರಿಸಿದ್ದ ಪಟವನ್ನು ಬಿಡಿಸಿ ಗೋಡೆಗೆ ತೂಗುಹಾಕಿದರು. ಗರ್ಭದೊಳಗೆ ತಲೆ ಕೆಳಗಾಗಿ, ಮೊಣಕಾಲು ಮಡಚಿಕೊಂಡು ಕೂಸೊಂದು ಮಲಗಿತ್ತು.

ಅಯ್ಯಮ್ಮ ಒಳಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಬಸುರಿಯ ಹೊಟ್ಟೆ ಮುಟ್ಟುವಷ್ಟೇ ಮೆಲ್ಲಗೆ ಪಟ ಮುಟ್ಟಿದಳು.

“ಮೂವತ್ತು ವರ್ಷ ಬರೇ ಕೈಯಿಲೆ ನೋಡೀನ್ರಿ. ಕಣ್ಣಿಲೆ ಇವತ್ತೇ ನೋಡಾಕತ್ತೀನಿ.”

ಪಕ್ಕದ ಚಿತ್ರದಲ್ಲಿ ಕೂಸು ಅಡ್ಡ ಮಲಗಿತ್ತು. ಅವಳ ಬೆರಳು ಅಲ್ಲೇ ನಿಂತಿತು.

“ಹಿಂಗ ಅಡ್ಡ ಇದ್ರ ಮನ್ಯಾಗ ಕಾಯಬಾರದು, ಮೊದಲೇ ದವಾಖಾನಿಗೆ ಒಯ್ಯಬೇಕಮ್ಮಾ. ಹುಡುಗ್ಯಾರಿಗೆ ಅದನ್ನ ಹೇಳ್ತೀವಿ,” ಎಂದರು ಉಸ್ತಾನಿ.

ಐದು ವರ್ಷದ ಹಿಂದೆ ಹಿರಿಮಗಳು ಹೆರಲಾಗದೆ ಅಯ್ಯಮ್ಮನ ಕೈಯಲ್ಲೇ ಸತ್ತಿದ್ದಳು. ಕೂಸು ಹೊರಗೆ ಬಂದಿರಲೇ ಇಲ್ಲ.

“ನನ್ನ ಮೊಮ್ಮಗು ಹಿಂಗ ಮಲಗಿತ್ತೇನು?” ಎಂದು ಪಟವನ್ನೇ ಕೇಳಿದಳು. ಉಸ್ತಾನಿಯ ಕಡೆ ತಿರುಗಿ ಹೆಬ್ಬೆರಳು ಮುಂದೆ ಚಾಚಿದಳು.

“ಮಸಿ ಹಚ್ರಿ ಉಸ್ತಾನಿಯವ್ರ. ಯಂಕಮ್ಮನ ಬಾಜೂಕ ನನಗೂ ಒಂದು ಚಾಪಿ ಹಾಸ್ರಿ.”